ತಗಡಿನ ಮನುಷ್ಯನ ಕನಸು

1973ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿದ ಮೂರು ಹಾಡುಗಳಿಗೆ ಪಿಯಾನೊ ನುಡಿಸಿದವನು ಒಬ್ಬನೇ. ಜೂನ್ ಕೊನೆಗೆ ಜಾರ್ಜ್ ಹ್ಯಾರಿಸನ್‌ನ ‘ಗಿವ್ ಮಿ ಲವ್’, ಅಕ್ಟೋಬರಿನಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ‘ಆ್ಯಂಜಿ’, ನವೆಂಬರಿನಲ್ಲಿ ರಿಂಗೊ ಸ್ಟಾರ್‌ನ ‘ಫೋಟೊಗ್ರಾಫ್’. ನುಡಿಸಿದವನ ಹೆಸರು ನಿಕಿ ಹಾಪ್ಕಿನ್ಸ್. ಅದೇ ವರ್ಷ ಕೊಲಂಬಿಯಾ ಕಂಪನಿ ಆತನದೇ ಹೆಸರಿನಲ್ಲಿ ಒಂದು ಎಲ್‌ಪಿ ಹೊರತಂದಿತು. ‘ದ ಟಿನ್ ಮ್ಯಾನ್ ವಾಸ್ ಎ ಡ್ರೀಮರ್’, ಅಂದರೆ ತಗಡಿನ ಮನುಷ್ಯ ಕನಸುಗಾರನಾಗಿದ್ದ. ಆ ಮೂರು ಹಾಡುಗಳು ಇಂದಿಗೂ ರೇಡಿಯೊಗಳಲ್ಲಿ ಕೇಳಿಬರುತ್ತವೆ. ಈ ಎಲ್‌ಪಿಯ ಒಂದು ಹಾಡನ್ನಾದರೂ ಕೇಳಿದವರು ರಾಕ್ ಸಂಗೀತದ ಕಟ್ಟಾ ಅಭಿಮಾನಿಗಳಲ್ಲೂ ಕಡಿಮೆ.

ಹೀಗೆ ಮೂಲೆ ಸೇರಿದ ಆಲ್ಬಂಗಳು ರಾಕ್ ಚರಿತ್ರೆಯಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಬಹಳಷ್ಟನ್ನು ಮತ್ತೆ ಹುಡುಕಿ ತೆಗೆಯುವ ಅಗತ್ಯವೂ ಇಲ್ಲ. ಹಾಪ್ಕಿನ್ಸ್‌ನ ಆಲ್ಬಂ ಆ ಸಾಲಿಗೆ ಸೇರಿದ್ದಲ್ಲ. ಹತ್ತು ವರ್ಷ ಬೇರೆಯವರ ಹಾಡುಗಳ ಸಂದುಗೊಂದುಗಳನ್ನು ತುಂಬಿದವನಿಗೆ, ಇಡೀ ಹಾಡೇ ತನ್ನದಾದಾಗ ಹೇಳಲು ಏನಿತ್ತು ಎನ್ನುವುದು ಇದರಲ್ಲಿ ದಾಖಲಾಗಿದೆ. ಅದನ್ನು ಗಮನವಿಟ್ಟು ಕೇಳಿದ ಮೇಲೆ ‘ಆ್ಯಂಜಿ’ಯ ಪಿಯಾನೊ ಕೂಡ ಬೇರೆಯಾಗಿ ಕೇಳಿಸುತ್ತದೆ.

ಹಾಪ್ಕಿನ್ಸ್ ಹುಟ್ಟಿದ್ದು 1944ರ ಫೆಬ್ರುವರಿ 24ರಂದು, ಲಂಡನ್ನಿನ ಪಶ್ಚಿಮದ ಪೆರಿವೇಲ್‌ನಲ್ಲಿ. ಕೈ ಎಟುಕುವ ಮೊದಲೇ ಪಿಯಾನೊ ಹಿಡಿದ ಹುಡುಗ. ವಿದ್ಯಾರ್ಥಿವೇತನ ಪಡೆದು ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್ ಸೇರಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಲಿತ. ಹದಿನಾರರ ಹೊತ್ತಿಗೆ ಓದು ಬಿಟ್ಟು ಸ್ಕ್ರೀಮಿಂಗ್ ಲಾರ್ಡ್ ಸಚ್‌ನ ತಂಡ ಸೇರಿದ. ಸಚ್ ಶವಪೆಟ್ಟಿಗೆಯಿಂದ ಎದ್ದು ವೇದಿಕೆಗೆ ಬರುತ್ತಿದ್ದ ಗಾಯಕ. ಬಾಖ್ ಮತ್ತು ಶೋಪಾನ್ ಕಲಿತ ಬೆರಳುಗಳು ಹೀಗೆ ಇಂಗ್ಲೆಂಡಿನ ಊರೂರಿನ ನೃತ್ಯಶಾಲೆಗಳಲ್ಲಿ ರಾಕ್ ಅಂಡ್ ರೋಲ್ ಬಾರಿಸತೊಡಗಿದವು. ಮುಂದೆ ಸಿರಿಲ್ ಡೇವಿಸ್ ಎಂಬ ಬ್ಲೂಸ್ ಗಾಯಕನ ತಂಡ. ಲಂಡನ್ನಿನ ಬ್ಲೂಸ್ ಅಲೆ ಆಗಷ್ಟೇ ಏಳುತ್ತಿತ್ತು, ಹಾಪ್ಕಿನ್ಸ್ ಅದರ ನಡುಮಧ್ಯದಲ್ಲಿದ್ದ.

ಅಷ್ಟರಲ್ಲಿ ದೇಹ ಕೈಕೊಟ್ಟಿತು. 1963ರ ಮೇ ತಿಂಗಳಲ್ಲಿ ಆಸ್ಪತ್ರೆ ಸೇರಿದವನು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಹಾಸಿಗೆ ಹಿಡಿದ. ಒಂದರ ಹಿಂದೊಂದು ಶಸ್ತ್ರಚಿಕಿತ್ಸೆ, ಸಾವಿನ ಬಾಗಿಲು ತಟ್ಟಿ ಬಂದಂಥ ಸ್ಥಿತಿ. ಕರುಳಿನ ಉರಿಯೂತದ ಕ್ರೋನ್ಸ್ ಕಾಯಿಲೆ ಆತನನ್ನು ಕೊನೆಯವರೆಗೂ ಬಿಡಲಿಲ್ಲ. ಆ ಹದಿನೆಂಟು ಇಪ್ಪತ್ತು ತಿಂಗಳಲ್ಲಿ ಹೊರಗೆ ಬೀಟಲ್ಸ್ ಜಗತ್ತನ್ನೇ ಗೆದ್ದಿದ್ದರು, ಸ್ಟೋನ್ಸ್ ಹೆಸರು ಮಾಡಿದ್ದರು, ಜೊತೆಯವರೆಲ್ಲ ಒಂದೊಂದು ತಂಡದಲ್ಲಿ ನೆಲೆಯೂರಿದ್ದರು. ಹಾಪ್ಕಿನ್ಸ್ ಕಡ್ಡಿಯಂತಾಗಿ ಮನೆಗೆ ಮರಳಿದ. ವ್ಯಾನಿನಲ್ಲಿ ಊರೂರು ತಿರುಗುವುದು ಇನ್ನು ಮೈಗೆ ಆಗುವಂತಿರಲಿಲ್ಲ. ಉಳಿದ ದಾರಿ ಒಂದೇ. ಸ್ಟುಡಿಯೊಗೆ ಹೋಗುವುದು, ಕರೆದವರಿಗೆ ನುಡಿಸುವುದು, ಸಂಜೆಗೆ ಮನೆ ಸೇರುವುದು.

ರಾಕ್ ಚರಿತ್ರೆಯ ಬಹುದೊಡ್ಡ ಭಾಗ ಹೀಗೆ ಒಬ್ಬನ ಅನಾರೋಗ್ಯದಿಂದ ಲಾಭ ಪಡೆಯಿತು ಎನ್ನಲು ಮನಸ್ಸು ಹಿಂಜರಿಯುತ್ತದೆ. ಆದರೆ ಆದದ್ದು ಅದೇ. 1965ರಲ್ಲಿ ನಿರ್ಮಾಪಕ ಶೆಲ್ ಟಾಲ್ಮಿ ಆತನನ್ನು ದ ಹೂ ತಂಡದ ಮೊದಲ ಆಲ್ಬಂ ‘ಮೈ ಜನರೇಷನ್’ಗೆ ಕರೆಸಿದ. ಮರುವರ್ಷ ಕಿಂಕ್ಸ್ ತಂಡದ ‘ಫೇಸ್ ಟು ಫೇಸ್’. ಅದರಲ್ಲಿ ಕಿಂಕ್ಸ್‌ನ ರೇ ಡೇವಿಸ್ ಸೆಷನ್ ಕಲಾವಿದನೊಬ್ಬನ ಬಗ್ಗೆಯೇ ‘ಸೆಷನ್ ಮ್ಯಾನ್’ ಎಂಬ ಹಾಡು ಬರೆದಿದ್ದ. ಅದಕ್ಕೆ ಪ್ರೇರಣೆ ಹಾಪ್ಕಿನ್ಸ್ ಎಂಬ ಮಾತಿದೆ. ಹಾಡು ತೆರೆದುಕೊಳ್ಳುವಾಗ ಹಾರ್ಪ್ಸಿಕಾರ್ಡ್ ನುಡಿಸಿದವನಂತೂ ಆತನೇ.

ಆಮೇಲಿನ ಪಟ್ಟಿ ಓದುತ್ತಾ ಹೋದರೆ ಉಸಿರು ಕಟ್ಟುತ್ತದೆ. ಸ್ಟೋನ್ಸ್‌ನ ‘ಶೀ ಇಸ್ ಎ ರೇನ್‌ಬೋ’, ‘ಗಿಮ್ಮಿ ಶೆಲ್ಟರ್’, ‘ಮಂಕಿ ಮ್ಯಾನ್’. ಜೆಫ್ ಬೆಕ್‌ನ ‘ಟ್ರೂತ್’ ಮತ್ತು ‘ಬೆಕ್-ಓಲಾ’. 1969ರ ಆಗಸ್ಟಿನಲ್ಲಿ ವುಡ್‌ಸ್ಟಾಕ್ ವೇದಿಕೆಯಲ್ಲಿ ಜೆಫರ್ಸನ್ ಏರ್‌ಪ್ಲೇನ್ ತಂಡದೊಂದಿಗೆ. ದ ಹೂ ತಂಡದ ‘ಹೂಸ್ ನೆಕ್ಸ್ಟ್’ನಲ್ಲಿ ‘ದ ಸಾಂಗ್ ಇಸ್ ಓವರ್’. ಜಾನ್ ಲೆನನ್‌ನ ‘ಇಮ್ಯಾಜಿನ್’ ಆಲ್ಬಂ. ಜೋ ಕಾಕರ್‌ನ ‘ಯೂ ಆರ್ ಸೋ ಬ್ಯೂಟಿಫುಲ್’. ಬೀಟಲ್ಸ್ ಒಡೆದ ಮೇಲೆ ಆ ನಾಲ್ವರೂ ತಮ್ಮ ತಮ್ಮ ಸ್ವಂತ ಆಲ್ಬಂಗಳಿಗೆ ಆತನನ್ನು ಕರೆದರು. ಕೊನೆಯವನು ಪಾಲ್ ಮೆಕಾರ್ಟ್ನಿ, 1989ರ ‘ಫ್ಲವರ್ಸ್ ಇನ್ ದ ಡರ್ಟ್’ಗೆ.

ಆತ ಏನು ಮಾಡುತ್ತಿದ್ದ ಎಂಬುದನ್ನು ಕಣ್ಣಾರೆ ನೋಡಲು ಒಂದು ದಾರಿ ಇದೆ. 1968ರ ಜೂನ್‌ನಲ್ಲಿ ಲಂಡನ್ನಿನ ಒಲಿಂಪಿಕ್ ಸ್ಟುಡಿಯೊದಲ್ಲಿ ಸ್ಟೋನ್ಸ್ ತಂಡ ‘ಸಿಂಪತಿ ಫಾರ್ ದ ಡೆವಿಲ್’ ಕಟ್ಟುತ್ತಿದ್ದಾಗ ಫ್ರೆಂಚ್ ನಿರ್ದೇಶಕ ಜಾನ್ ಲುಕ್ ಗೊದಾರ್ ಅದನ್ನು ಚಿತ್ರೀಕರಿಸಿದ. ಹಾಡು ಮೊದಲು ನಿಧಾನಗತಿಯ ಜಾನಪದ ಗೀತೆಯಂತಿದೆ. ಹಾಪ್ಕಿನ್ಸ್ ಆರ್ಗನ್ ಮುಂದೆ ಕೂತಿದ್ದಾನೆ. ಸರಿಹೋಗುತ್ತಿಲ್ಲ. ಮತ್ತೆ ಮತ್ತೆ ಪ್ರಯತ್ನ, ಬೇಸರ, ಸಿಗರೇಟು. ನಿಧಾನವಾಗಿ ಲಯ ಸಾಂಬಾದತ್ತ ಹೊರಳುತ್ತದೆ. ಕೀತ್ ರಿಚರ್ಡ್ಸ್ ಗಿಟಾರ್ ಬಿಟ್ಟು ಬಾಸ್ ಎತ್ತಿಕೊಳ್ಳುತ್ತಾನೆ, ಹಾಪ್ಕಿನ್ಸ್ ಪಿಯಾನೊಗೆ ಬರುತ್ತಾನೆ. ಆಗ ಹಾಡು ಎದ್ದು ನಿಲ್ಲುತ್ತದೆ. ಅಂತಿಮ ರೂಪದಲ್ಲಿ ಸ್ವರಮೇಳವನ್ನು ಹೊತ್ತು ನಡೆಸುವುದು ಗಿಟಾರ್ ಅಲ್ಲ, ಪಿಯಾನೊ. ಆರಂಭದಲ್ಲಿ ಬರೀ ಒತ್ತುಗಳು. ಹೋಗುತ್ತಾ ಹೋಗುತ್ತಾ ಅದೇ ಒತ್ತುಗಳ ನಡುವೆ ಬಲಗೈ ಒಂದೊಂದಾಗಿ ಹೊಸ ಸ್ವರಗಳನ್ನು ತೂರಿಸುತ್ತದೆ. ಹಾಡಿನ ಬಿಸಿ ಏರುವುದು ಅಲ್ಲಿಂದ. ಚಿತ್ರದಲ್ಲಿ ಮಿಕ್ ಜಾಗರ್‌ನಿಂದ ಕಣ್ಣು ಕೀಳಲಾಗದು, ನಿಜ. ಒಮ್ಮೆಯಾದರೂ ಪಿಯಾನೊದ ಕಡೆ ನೋಡಬೇಕು. ಸಣಕಲು ಯುವಕನೊಬ್ಬ ಯಾರ ಮುಖವನ್ನೂ ನೋಡದೆ, ಮೈ ಅಲುಗಿಸದೆ ನುಡಿಸುತ್ತಿದ್ದಾನೆ.

‘ಇಮ್ಯಾಜಿನ್’ ಆಲ್ಬಂ ಇನ್ನೊಂದು ಒಳ್ಳೆಯ ಪಾಠ. ಶೀರ್ಷಿಕೆಯ ಹಾಡಿನಲ್ಲಿ ಕೇಳುವ ಪಿಯಾನೊ ಲೆನನ್‌ನದೇ, ಸರಳ, ತುಸು ಒರಟು. ‘ಜೆಲಸ್ ಗೈ’ಗೆ ಬಂದರೆ ಬೆರಳು ಬದಲಾಗಿದ್ದು ತಕ್ಷಣ ತಿಳಿಯುತ್ತದೆ. ಲೆನನ್ ಒಂದು ಸಾಲು ಹಾಡಿ ನಿಲ್ಲಿಸಿದಾಗ ಮಾತ್ರ ಹಾಪ್ಕಿನ್ಸ್ ಮಾತಾಡುತ್ತಾನೆ. ಪಿಯಾನೊದ ಬಲಭಾಗದ ಎತ್ತರದ ಮನೆಗಳಲ್ಲಿ ಎರಡು ಮೂರು ಸ್ವರ, ಅಷ್ಟೇ, ಮುಂದಿನ ಸಾಲು ಬರುವಷ್ಟರಲ್ಲಿ ಕೈ ಹಿಂದೆ ಸರಿದಿರುತ್ತದೆ. ಹಾಡುಗಾರನ ದನಿ ಇರುವ ಎತ್ತರದಲ್ಲಿ ಎಂದೂ ಕಾಲಿಡಬಾರದು, ಅದರ ಮೇಲೋ ಕೆಳಗೋ ಇರಬೇಕು ಎನ್ನುವ ಶಿಸ್ತು ಅದು. ಶಾಸ್ತ್ರೀಯ ತರಬೇತಿಯ ಅಚ್ಚುಕಟ್ಟು, ಅಮೆರಿಕದ ಕಂಟ್ರಿ ಪಿಯಾನೊದ ಜಾರುಸ್ವರ, ಚಕ್ ಬೆರ್‍ರಿಯ ಧ್ವನಿಮುದ್ರಿಕೆಗಳಿಂದ ಕಲಿತ ಬೂಗಿಯ ಓಟ, ಈ ಮೂರನ್ನೂ ಇಷ್ಟು ಸಲೀಸಾಗಿ ಬೆರೆಸಿದ ಇನ್ನೊಬ್ಬ ಬ್ರಿಟಿಷ್ ಪಿಯಾನೊ ವಾದಕ ಆ ಕಾಲದಲ್ಲಿರಲಿಲ್ಲ.

ಇಷ್ಟೆಲ್ಲ ಮಾಡಿದವನ ಪಾಲಿಗೆ ಬಂದಿದ್ದೆಷ್ಟು? ಸೆಷನ್ ಕೆಲಸದ ಲೆಕ್ಕ ಸರಳ. ಬ್ರಿಟನ್ನಿನಲ್ಲಿ ಒಂದು ಸೆಷನ್ ಎಂದರೆ ವಾಡಿಕೆಯಂತೆ ಮೂರು ಗಂಟೆ. ಅದಕ್ಕೊಂದು ಗೊತ್ತಾದ ಸಂಭಾವನೆ. ಹಾಡು ನೆಲಕಚ್ಚಿದರೂ ಅದೇ ದುಡ್ಡು, ಐವತ್ತು ವರ್ಷ ಓಡಿದರೂ ಅದೇ ದುಡ್ಡು. ಮುಂದಿನ ಗಳಿಕೆಯೆಲ್ಲ ಹಾಡು ಬರೆದವರಿಗೆ ಮತ್ತು ಹೆಸರು ಹೊತ್ತ ತಂಡಕ್ಕೆ. ಪಿಯಾನೊದವನು ಅಲ್ಲೇ ಕೂತು ಹುಟ್ಟಿಸಿದ ಸ್ವರಗುಚ್ಛ ಹಾಡಿನ ಗುರುತೇ ಆಗಿಬಿಟ್ಟರೂ ಅದನ್ನು ರಚನೆ ಎಂದು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಸ್ಟೋನ್ಸ್‌ನ 1967ರ ‘ವಿ ಲವ್ ಯೂ’ ಹಾಡಿನಿಂದ ಆ ಪಿಯಾನೊ ತೆಗೆದುಬಿಟ್ಟರೆ ಹೆಚ್ಚೇನೂ ಉಳಿಯುವುದಿಲ್ಲ. ಲೇಬಲ್ ಮೇಲೆ ಮಾತ್ರ ಎಂದಿನಂತೆ ಜಾಗರ್ ಮತ್ತು ರಿಚರ್ಡ್ಸ್. ಅಪವಾದವಾಗಿ ‘ಮೈ ಜನರೇಷನ್’ನ ‘ದಿ ಆಕ್ಸ್’ ಎಂಬ ವಾದ್ಯಸಂಗೀತಕ್ಕೆ ದ ಹೂ ಸದಸ್ಯರ ಜೊತೆ ಹಾಪ್ಕಿನ್ಸ್ ಹೆಸರೂ ಸೇರಿತು. ಧ್ವನಿಮುದ್ರಿಕೆಗಳು ಸಾರ್ವಜನಿಕವಾಗಿ ಪ್ರಸಾರವಾದಾಗ ಅದರಲ್ಲಿ ನುಡಿಸಿದ ಎಲ್ಲರಿಗೂ ಪಾಲು ಸಿಗಬೇಕೆಂಬುದು ಬ್ರಿಟನ್ನಿನಲ್ಲಿ ಕಾನೂನಿನ ಹಕ್ಕಾಗಿ ಬಂದದ್ದು 1996ರಲ್ಲಿ. ಅಷ್ಟರಲ್ಲಿ ಹಾಪ್ಕಿನ್ಸ್ ತೀರಿಕೊಂಡು ಎರಡು ವರ್ಷ ಕಳೆದಿತ್ತು.

ದುಡ್ಡಿಗಿಂತ ನೋಯಿಸುವುದು ಹೆಸರಿನ ವಿಷಯ. ನಮ್ಮ ಕಛೇರಿಗಳಲ್ಲಿ ಪಕ್ಕವಾದ್ಯದವರಿಗೂ ತಮ್ಮದೇ ಹೊತ್ತು ಎಂಬುದೊಂದಿದೆ. ಪಿಟೀಲಿಗೆ ಆಲಾಪನೆಯ ಸರದಿ, ಮೃದಂಗಕ್ಕೆ ತನಿ ಆವರ್ತನ. ಆಗ ಗಾಯಕರು ಸುಮ್ಮನೆ ಕೂತು ತಾಳ ಹಾಕುತ್ತಾರೆ, ಸಭೆ ಪಕ್ಕವಾದ್ಯದವರನ್ನು ಹೆಸರಿನಿಂದಲೇ ಗುರುತಿಸುತ್ತದೆ. ಲಂಡನ್ನಿನ ಸ್ಟುಡಿಯೊಗಳಲ್ಲಿ ಇಂಥ ಮರ್ಯಾದೆ ಇರಲಿಲ್ಲ. 1968ರಲ್ಲಿ ಬೀಟಲ್ಸ್‌ನ ‘ರೆವಲ್ಯೂಷನ್’ಗೆ ಹಾಪ್ಕಿನ್ಸ್ ಎಲೆಕ್ಟ್ರಿಕ್ ಪಿಯಾನೊ ನುಡಿಸಿದ. ಹಾಡಿನ ಕೊನೆಯ ಭಾಗ ಸಿಡಿಯುವುದೇ ಆ ಪಿಯಾನೊದಿಂದ. ರೆಕಾರ್ಡಿನ ಲೇಬಲ್ ಮೇಲೆ ಆತನ ಹೆಸರಿಲ್ಲ. ಮರುವರ್ಷ ‘ಗೆಟ್ ಬ್ಯಾಕ್’ಗೆ ಇನ್ನೊಬ್ಬ ಪಿಯಾನೊ ವಾದಕ ಬಂದ, ಬಿಲ್ಲಿ ಪ್ರೆಸ್ಟನ್. ಆ ಲೇಬಲ್ ಮೇಲೆ ಬೀಟಲ್ಸ್ ಜೊತೆಗೆ ಪ್ರೆಸ್ಟನ್ ಹೆಸರೂ ಅಚ್ಚಾಯಿತು. ಪ್ರೆಸ್ಟನ್ ಅದಕ್ಕೆ ಅರ್ಹನೇ. ಹಾಪ್ಕಿನ್ಸ್ ಯಾಕೆ ಅಲ್ಲ ಎಂಬುದಕ್ಕೆ ಉತ್ತರವಿಲ್ಲ.

ಎಪ್ಪತ್ತರ ದಶಕ ಬಂದಾಗ ಗಾಳಿ ಸ್ವಲ್ಪ ತಿರುಗಿತು. ಎಲ್‌ಪಿಗಳ ಹೊದಿಕೆಯ ಮೇಲೆ ವಾದಕರ ಹೆಸರು ಹಾಕುವುದು ಹೆಚ್ಚಾಯಿತು. ಅಭಿಮಾನಿಗಳು ಆ ಸಣ್ಣ ಅಕ್ಷರಗಳನ್ನು ಓದತೊಡಗಿದರು. ಕಂಪನಿಗಳು ಪಕ್ಕವಾದ್ಯದವರಿಗೂ ಒಂದೊಂದು ಆಲ್ಬಂ ಕೊಟ್ಟು ನೋಡಿದವು. ಸ್ಟೋನ್ಸ್‌ಗೆ ಟ್ರಂಪೆಟ್ ಊದುತ್ತಿದ್ದ ಜಿಮ್ ಪ್ರೈಸ್, ಸ್ಯಾಕ್ಸೊಫೋನಿನ ಬಾಬಿ ಕೀಸ್, ಗಿಟಾರಿನ ಜೆಸ್ಸಿ ಎಡ್ ಡೇವಿಸ್, ಎಲ್ಲರದೂ ಆ ಕಾಲದಲ್ಲೇ ಬಂದವು. ಲಿಯಾನ್ ರಸೆಲ್‌ನಂಥವರು ಹೀಗೆ ತಾರೆಯರೇ ಆಗಿಬಿಟ್ಟರು. ಹಾಪ್ಕಿನ್ಸ್ ಹೆಸರಿನಲ್ಲಿ 1966ರಲ್ಲೇ ಒಂದು ಎಲ್‌ಪಿ ಬಂದಿತ್ತಾದರೂ ಅದು ಜನಪ್ರಿಯ ಮಟ್ಟುಗಳನ್ನು ಪಿಯಾನೊದಲ್ಲಿ ನುಡಿಸಿದ ಹಿತವಾದ ಸಂಗೀತ ಅಷ್ಟೇ. 1972ರಲ್ಲಿ ಬಂದ ‘ಜಾಮಿಂಗ್ ವಿತ್ ಎಡ್ವರ್ಡ್’ ಒಂದು ಹರಟೆ. 1969ರಲ್ಲಿ ರಿಚರ್ಡ್ಸ್ ಇಲ್ಲದ ಹೊತ್ತಿನಲ್ಲಿ ಜಾಗರ್, ಬಿಲ್ ವೈಮನ್, ಚಾರ್ಲಿ ವಾಟ್ಸ್, ರೈ ಕೂಡರ್ ಮತ್ತು ಹಾಪ್ಕಿನ್ಸ್ ಸೇರಿ ಸುಮ್ಮನೆ ನುಡಿಸಿದ್ದನ್ನು ಆಮೇಲೆ ಹೊರತಂದರು.

ಆ ಎಡ್ವರ್ಡ್ ಹಾಪ್ಕಿನ್ಸ್‌ನೇ. ಸ್ಟುಡಿಯೊದಲ್ಲಿ ಸ್ಟೋನ್ಸ್‌ನ ಬ್ರಯನ್ ಜೋನ್ಸ್ ಶ್ರುತಿ ಮಾಡಿಕೊಳ್ಳುತ್ತಾ ಪಿಯಾನೊದಿಂದ ‘ಇ’ ಸ್ವರ ಕೇಳಿದನಂತೆ. ಗದ್ದಲದಲ್ಲಿ ಹಾಪ್ಕಿನ್ಸ್‌ಗೆ ಕೇಳಿಸಲಿಲ್ಲವಂತೆ. ‘ಇ, ಎಡ್ವರ್ಡ್‌ನ ಇ’ ಎಂದು ಕೂಗಿದ್ದು ಅಡ್ಡಹೆಸರಾಗಿ ಅಂಟಿಕೊಂಡಿತು ಎನ್ನುವುದು ಸಂಗೀತಗಾರರ ನಡುವೆ ಓಡಾಡುವ ಕತೆ. ಆತ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಕ್ವಿಕ್‌ಸಿಲ್ವರ್ ಮೆಸೆಂಜರ್ ಸರ್ವಿಸ್ ತಂಡ ಸೇರಿದಾಗ ಆ ಹೆಸರಿನ ಮೇಲೆಯೇ ಒಂದು ರಚನೆ ಮಾಡಿದ. 1969ರ ‘ಶೇಡಿ ಗ್ರೋವ್’ ಆಲ್ಬಂನ ‘ಎಡ್ವರ್ಡ್, ದ ಮ್ಯಾಡ್ ಶರ್ಟ್ ಗ್ರೈಂಡರ್’, ಒಂಬತ್ತು ನಿಮಿಷ ದಾಟುವ ಪಿಯಾನೊ ಓಟ. ಅದೇ ವರ್ಷ ‘ಬೆಕ್-ಓಲಾ’ಕ್ಕೆ ‘ಗರ್ಲ್ ಫ್ರಮ್ ಮಿಲ್ ವ್ಯಾಲಿ’ ಎಂಬ ಚರ್ಚಿನ ಸಂಗೀತದಂತೆ ಗಂಭೀರವಾದ ರಚನೆ ಕೊಟ್ಟಿದ್ದ. ಜೆಫ್ ಬೆಕ್‌ನಂಥ ಗಿಟಾರ್ ಗಾರುಡಿಗನ ಆಲ್ಬಂನಲ್ಲಿ ಗಿಟಾರ್ ಹಿಂದೆ ಸರಿದು ಪಿಯಾನೊ ಮುಂದೆ ಬರುವ ಜಾಗ ಅದು. ತನ್ನದೇ ಸಂಗೀತ ಆತನೊಳಗೆ ತುಂಬಿ ತುಳುಕುತ್ತಿತ್ತು ಎನ್ನುವುದಕ್ಕೆ ಈ ಎರಡು ರಚನೆಗಳೇ ಸಾಕ್ಷಿ.

‘ಟಿನ್ ಮ್ಯಾನ್’ ತಯಾರಾದ ತಿಂಗಳುಗಳಲ್ಲಿ ಹಾಪ್ಕಿನ್ಸ್‌ಗೆ ಉಸಿರಾಡಲು ಬಿಡುವಿರಲಿಲ್ಲ. 1972ರ ಬೇಸಿಗೆಯಲ್ಲಿ ಸ್ಟೋನ್ಸ್ ಜೊತೆ ಅಮೆರಿಕ ಪ್ರವಾಸ. ವರ್ಷದ ಕೊನೆಗೆ ‘ಆ್ಯಂಜಿ’ಗಾಗಿ ಜಮೈಕಾದ ಕಿಂಗ್‌ಸ್ಟನ್. ಲಂಡನ್ನಿನಲ್ಲಿ ಹ್ಯಾರಿಸನ್‌ನ ‘ಲಿವಿಂಗ್ ಇನ್ ದ ಮೆಟೀರಿಯಲ್ ವರ್ಲ್ಡ್’. 1973ರ ಜನವರಿ ಫೆಬ್ರುವರಿಯಲ್ಲಿ ಸ್ಟೋನ್ಸ್ ಜೊತೆ ಹವಾಯಿ, ನ್ಯೂಜಿಲೆಂಡ್, ಆಸ್ಟ್ರೇಲಿಯಾ. ರಿಂಗೊಗಾಗಿ ಲಾಸ್ ಏಂಜಲೀಸ್. ಇವುಗಳ ನಡುವೆ ಬಿಡುವು ಮಾಡಿಕೊಂಡು ತನ್ನ ಆಲ್ಬಂ. ಲಂಡನ್ನಿನ ಸೆವಿಲ್ ರೋ ಬೀದಿಯ ಮೂರನೇ ನಂಬರಿನ ಕಟ್ಟಡದ ನೆಲಮಾಳಿಗೆಯಲ್ಲಿ ಬೀಟಲ್ಸ್ ಕಟ್ಟಿಕೊಂಡಿದ್ದ ಆಪಲ್ ಸ್ಟುಡಿಯೊ ಅದರ ತವರು. ನೀಲ್ ಯಂಗ್‌ನ ಆಲ್ಬಂಗಳಿಗೆ ಹೆಸರಾದ ಡೇವಿಡ್ ಬ್ರಿಗ್ಸ್ ಹಾಪ್ಕಿನ್ಸ್ ಜೊತೆ ನಿರ್ಮಾಣದ ಹೊಣೆ ಹೊತ್ತ.

ಬಂದು ನುಡಿಸಿದವರನ್ನು ನೋಡಿ. ಗಿಟಾರಿಗೆ ಸ್ಟೋನ್ಸ್‌ನ ಮಿಕ್ ಟೇಲರ್. ಬಾಸ್‌ಗೆ ಬೀಟಲ್ಸ್‌ನ ‘ರಿವಾಲ್ವರ್’ ಹೊದಿಕೆಯ ಚಿತ್ರ ಬರೆದ ಕ್ಲಾಸ್ ಫೋರ್‌ಮನ್. ಊದುವಾದ್ಯಗಳಿಗೆ ಪ್ರವಾಸದ ಜೊತೆಗಾರರಾದ ಕೀಸ್ ಮತ್ತು ಪ್ರೈಸ್. ಡ್ರಮ್ಸ್ ನುಡಿಸಿದವರಲ್ಲಿ ದ ಟ್ಯೂಬ್ಸ್ ತಂಡದ ಪ್ರೇರಿ ಪ್ರಿನ್ಸ್ ಒಬ್ಬ. ಮತ್ತೊಬ್ಬ ಗಿಟಾರ್ ವಾದಕನ ಹೆಸರು ಹೊದಿಕೆಯಲ್ಲಿ ಜಾರ್ಜ್ ಓ’ಹಾರಾ ಎಂದಿದೆ. ಅದು ಹ್ಯಾರಿಸನ್. ಕಂಪನಿಗಳ ಕರಾರಿನ ತೊಡಕು ತಪ್ಪಿಸಲು ಆತ ಹೀಗೆ ಬೇರೆ ಹೆಸರಿನಲ್ಲಿ ಗೆಳೆಯರಿಗೆ ನುಡಿಸುವುದಿತ್ತು. ಕ್ರೀಮ್ ತಂಡದ ‘ಬ್ಯಾಡ್ಜ್’ ಹಾಡಿನಲ್ಲಿ ‘ಲಾಂಜೆಲೊ ಮಿಸ್ಟೀರಿಯೊಸೊ’ ಎಂದು ಕರೆಸಿಕೊಂಡವನೂ ಆತನೇ. ಜೀವಮಾನವಿಡೀ ಹೆಸರಿಲ್ಲದೆ ದುಡಿದ ಪಕ್ಕವಾದ್ಯದವನ ಆಲ್ಬಂನಲ್ಲಿ, ಜಗತ್ತಿನ ಅತಿ ಪ್ರಸಿದ್ಧ ಸಂಗೀತಗಾರರಲ್ಲೊಬ್ಬ ತನ್ನ ಹೆಸರು ಮರೆಸಿ ಪಕ್ಕವಾದ್ಯಕ್ಕೆ ಕೂತ. ಇಡೀ ಆಲ್ಬಂನ ಹಿಂದಿರುವ ಪ್ರೀತಿಯನ್ನು ಅಳೆಯಲು ಇದಕ್ಕಿಂತ ಬೇರೆ ಮಾನದಂಡ ಬೇಡ.

‘ಸನ್‌ಡೌನ್ ಇನ್ ಮೆಕ್ಸಿಕೊ’ದಿಂದ ಆರಂಭವಾಗುವ ಆಲ್ಬಂನಲ್ಲಿ ಎರಡು ಬಗೆಯ ಸಂಗೀತವಿದೆ. ಒಂದು, ಎಲ್ಲರೂ ನಿರೀಕ್ಷಿಸಿದ ಹಾಪ್ಕಿನ್ಸ್. ‘ಸ್ಪೀಡ್ ಆನ್’, ‘ಬನಾನಾ ಆ್ಯನಾ’, ‘ಪಿಗ್ಸ್ ಬೂಗಿ’ ಈ ಗುಂಪಿನವು. ಬಿರುಸು, ಹುರುಪು, ಸ್ಟೋನ್ಸ್ ಗರಡಿಯ ಗತ್ತು. ಆತನ ಜೊತೆ ಹಾಡು ಬರೆದ ಟೆಕ್ಸಸ್‌ನ ಜೆರ್‍ರಿ ವಿಲಿಯಮ್ಸ್ ಬಿರುಸಿನ ಹಾಡುಗಳಿಗೆ ದನಿಯನ್ನೂ ಕೊಟ್ಟ. ಮುಂದೆ ಎರಿಕ್ ಕ್ಲಾಪ್ಟನ್‌ಗೆ ‘ಪ್ರಿಟೆಂಡಿಂಗ್’ನಂಥ ಹಾಡು ಬರೆದವನು ಈ ವಿಲಿಯಮ್ಸ್‌ನೇ. ಈ ಹಾಡುಗಳು ಚೆನ್ನಾಗಿವೆ, ಕಾಲು ತಾನಾಗಿ ಕುಣಿಯುತ್ತದೆ. ಆದರೆ ಇವು ಆ ಕಾಲದ ಬೇರೆ ಹತ್ತು ಆಲ್ಬಂಗಳಲ್ಲೂ ಇರಬಹುದಾದ ಹಾಡುಗಳು.

ಇನ್ನೊಂದು ಬಗೆಯದೇ ಆಲ್ಬಂನ ನಿಜವಾದ ಗಂಟು. ‘ವೇಟಿಂಗ್ ಫಾರ್ ದ ಬ್ಯಾಂಡ್’, ‘ಡಾಲಿ’, ‘ಲಾಯರ್ಸ್ ಲಮೆಂಟ್’ ಹಾಡುಗಳಲ್ಲಿ ಹಾಪ್ಕಿನ್ಸ್ ತಾನೇ ಹಾಡುತ್ತಾನೆ. ದನಿ ಸಣ್ಣದು, ತೆಳ್ಳಗಿದೆ, ಮೇಲಿನ ಸ್ವರಕ್ಕೆ ಹೋಗುವಾಗ ತುಸು ನಡುಗುತ್ತದೆ. ಜಾಗರ್, ಲೆನನ್, ರಾಡ್ ಸ್ಟುವರ್ಟ್, ಕಾಕರ್ ಇಂಥ ಕಂಚಿನ ಕಂಠಗಳ ಪಕ್ಕದಲ್ಲಿ ಹತ್ತು ವರ್ಷ ಕೂತವನಿಗೆ ತನ್ನ ಕಂಠದ ಅಳತೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಹಾಡಿದ. ‘ಡಾಲಿ’ಯನ್ನು ನಿಧಾನವಾಗಿ ಕೇಳಿದರೆ ಅದರ ಕಾರಣ ತಿಳಿಯುತ್ತದೆ. ದನಿ ಎಷ್ಟು ಹಗುರವೆಂದರೆ ಪಿಯಾನೊ ಅದನ್ನು ಕೈಹಿಡಿದು ನಡೆಸಬೇಕು. ಹಾಗೆ ನಡೆಸುವುದರಲ್ಲಿ ಹಾಪ್ಕಿನ್ಸ್‌ಗಿಂತ ಪಳಗಿದವರು ಯಾರಿದ್ದರು? ಲೆನನ್‌ನ ಸಾಲುಗಳ ನಡುವೆ ತೂರಿಸುತ್ತಿದ್ದ ಆ ಎರಡು ಮೂರು ಸ್ವರಗಳ ಸಾಂತ್ವನ ಇಲ್ಲಿ ತನ್ನ ದನಿಗೇ ಸಿಗುತ್ತಿದೆ. ಹಾಡುವವನೂ ಸಂತೈಸುವವನೂ ಒಬ್ಬನೇ. ಇನ್ನೊಬ್ಬ ಗಟ್ಟಿ ಕಂಠದ ಗಾಯಕ ಹಾಡಿದ್ದರೆ ಹಾಡು ಸುಂದರವಾಗುತ್ತಿತ್ತು, ಇಷ್ಟು ನಿಜವಾಗುತ್ತಿರಲಿಲ್ಲ.

ಆಲ್ಬಂನ ಹೆಸರೂ ಇಲ್ಲಿ ಅರ್ಥ ಪಡೆಯುತ್ತದೆ. ಎಲ್. ಫ್ರಾಂಕ್ ಬಾಮ್ 1900ರಲ್ಲಿ ಬರೆದ ಆಝ್ ಮಾಂತ್ರಿಕನ ಕತೆಯಲ್ಲಿ ತಗಡಿನ ಮನುಷ್ಯ ತನಗೆ ಹೃದಯವಿಲ್ಲವೆಂದು ಕೊರಗುತ್ತಾನೆ. ದಾರಿಯುದ್ದಕ್ಕೂ ಎಲ್ಲರಿಗಿಂತ ಹೆಚ್ಚು ಮರುಗುವವನು ಅವನೇ. ಕೆಲಸದ ಯಂತ್ರವೆಂದು ಜನ ತಿಳಿದವನೊಳಗೆ ಏನಿದೆ ಎಂಬ ಪ್ರಶ್ನೆ ಮತ್ತು ಈ ಮೆಲ್ಲನೆಯ ಹಾಡುಗಳು ಒಂದಕ್ಕೊಂದು ಹೊಂದುತ್ತವೆ.

ಕೊರತೆಗಳೂ ಇವೆ, ಮುಚ್ಚಿಡಬೇಕಾಗಿಲ್ಲ. ಎರಡು ಕಂಠ, ಎರಡು ಬಗೆಯ ಹಾಡು, ಅವುಗಳನ್ನು ಜೋಡಿಸಿದ ಕ್ರಮದಲ್ಲಿ ನಿರ್ಧಾರ ಸಾಲದು. ಕಣ್ಣು ತೇವವಾಗುವ ಹೊತ್ತಿಗೆ ಬೂಗಿ ಬಂದು ಎಬ್ಬಿಸುತ್ತದೆ. ಕೆಲವು ಕಡೆ ತಂತಿವಾದ್ಯಗಳ ಸಮೂಹ ಬೇಕಿದ್ದಕ್ಕಿಂತ ದಟ್ಟವಾಗಿದೆ. ಹತ್ತು ವರ್ಷ ಬೇರೆ ಬೇರೆಯವರಿಗೆ ಬೇರೆ ಬೇರೆ ವೇಷ ಹಾಕಿದವನಿಗೆ ಒಂದೇ ವೇಷದಲ್ಲಿ ನಿಲ್ಲುವುದು ಕಷ್ಟವಾಗಿರಬೇಕು. ಆ ಮೆಲುಹಾಡುಗಳನ್ನೇ ಹೆಚ್ಚಿಸಿ, ಒಂದೆರಡನ್ನಾದರೂ ಬರೀ ಪಿಯಾನೊ ಮತ್ತು ದನಿಯಲ್ಲಿ ಬಿಟ್ಟಿದ್ದರೆ ಇದು ಆ ದಶಕದ ದೊಡ್ಡ ಆಲ್ಬಂಗಳ ಸಾಲಿನಲ್ಲಿ ನಿಲ್ಲುತ್ತಿತ್ತು.

ಆದರೆ ಅದು ಮರೆಯಾದದ್ದು ಈ ಕೊರತೆಗಳಿಂದಲ್ಲ. ಇದಕ್ಕಿಂತ ಹೆಚ್ಚು ಕೊರತೆಯ ಆಲ್ಬಂಗಳು ಆ ವರ್ಷ ಚೆನ್ನಾಗಿ ಮಾರಾಟವಾದವು. ಮತ್ತೆ ಬಿಲ್ಲಿ ಪ್ರೆಸ್ಟನ್‌ನನ್ನೇ ನೋಡಬಹುದು. 1973ರ ಬೇಸಿಗೆಯಲ್ಲಿ ಪ್ರೆಸ್ಟನ್‌ನ ‘ವಿಲ್ ಇಟ್ ಗೋ ರೌಂಡ್ ಇನ್ ಸರ್ಕಲ್ಸ್’ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಆತನೂ ಪಕ್ಕವಾದ್ಯದಿಂದಲೇ ಬಂದವನು. ಆದರೆ ಚರ್ಚಿನಲ್ಲಿ ಹಾಡುತ್ತಾ ಬೆಳೆದ ಕಂಠ, ಆರ್ಗನ್ ಬಿಟ್ಟೆದ್ದು ವೇದಿಕೆಯಲ್ಲಿ ಕುಣಿಯುವ ಚೈತನ್ಯ, ಸಾವಿರ ಜನರನ್ನು ಒಂದು ನಗೆಯಲ್ಲಿ ಗೆಲ್ಲುವ ಗುಣ ಅವನಲ್ಲಿದ್ದವು. ಹಾಪ್ಕಿನ್ಸ್ ವೇದಿಕೆಯ ಮೂಲೆಯಲ್ಲಿ ತಲೆ ತಗ್ಗಿಸಿ ಕೂರುವವನು. ಒಂದು ಆಲ್ಬಂ ಮಾರಾಟವಾಗಬೇಕಾದರೆ ಅದರ ಒಡೆಯ ತನ್ನದೇ ತಂಡ ಕಟ್ಟಿಕೊಂಡು ತಿಂಗಳುಗಟ್ಟಲೆ ಊರೂರು ಸುತ್ತಬೇಕಿತ್ತು. ಅದಕ್ಕೆ ಕರುಳಿನ ಬೇನೆಯ ದೇಹ ಒಗ್ಗುತ್ತಿರಲಿಲ್ಲ, ಮುಂದೆ ನಿಂತು ಮಾತಾಡುವ ಸ್ವಭಾವವೂ ಆತನದಲ್ಲ. ಆ ಫೆಬ್ರುವರಿಯಲ್ಲಿ ಮುಗಿದ ಪ್ರವಾಸವೇ ಸ್ಟೋನ್ಸ್ ಜೊತೆಗಿನ ಆತನ ಕೊನೆಯ ಪ್ರವಾಸವೂ ಆಯಿತು. ಅದೇ ವರ್ಷದ ಕೊನೆಯ ಭಾಗದಲ್ಲಿ ಸ್ಟೋನ್ಸ್ ಯುರೋಪಿಗೆ ಹೊರಟಾಗ ಪಿಯಾನೊ ಮುಂದೆ ಇದ್ದವನು ಪ್ರೆಸ್ಟನ್.

ಕೇಳುಗರ ಅಭ್ಯಾಸವೂ ಒಂದು ಕಾರಣ. ಹಾಪ್ಕಿನ್ಸ್‌ನ ಕಲೆ ಇದ್ದದ್ದೇ ಗಮನವನ್ನು ಹಾಡುಗಾರನ ಕಡೆ ತಿರುಗಿಸುವುದರಲ್ಲಿ. ಕಿವಿಗೆ ಆತನ ಪಿಯಾನೊ ಚಿರಪರಿಚಿತ, ಹೆಸರು ಮಾತ್ರ ಅಪರಿಚಿತ. ಅಂಗಡಿಯಲ್ಲಿ ‘ಟಿನ್ ಮ್ಯಾನ್’ ಕೈಗೆತ್ತಿಕೊಂಡ ಎಷ್ಟೋ ಜನರಿಗೆ ತಮ್ಮ ಮನೆಯಲ್ಲಿ ಈ ಮನುಷ್ಯನ ಸಂಗೀತ ಆಗಲೇ ಹತ್ತಾರು ರೆಕಾರ್ಡುಗಳಲ್ಲಿ ಇದೆ ಎಂದು ಹೊಳೆದಿರಲಾರದು.

1975ರಲ್ಲಿ ಮರ್ಕ್ಯುರಿ ಕಂಪನಿಯಿಂದ ‘ನೋ ಮೋರ್ ಚೇಂಜಸ್’ ಎಂಬ ಇನ್ನೊಂದು ಆಲ್ಬಂ ಬಂತು, ಅದೂ ಓಡಲಿಲ್ಲ. ಅದೇ ವರ್ಷ ಕೆಲವು ತಿಂಗಳು ಜೆರ್‍ರಿ ಗಾರ್ಸಿಯಾ ತಂಡದಲ್ಲಿದ್ದ. ಕುಡಿತ ಮತ್ತು ಮಾದಕ ವಸ್ತುಗಳ ವರ್ಷಗಳೂ ಬಂದುಹೋದವು, ಅದರಿಂದ ಹೊರಬಂದು ಮತ್ತೆ ಕೆಲಸಕ್ಕೆ ಕೂತ. ಕೊನೆಯ ವರ್ಷಗಳಲ್ಲಿ ಜಪಾನಿನ ಕಿರುತೆರೆಗೆ ಹಿನ್ನೆಲೆ ಸಂಗೀತ ಮಾಡಿದ. 1994ರ ಸೆಪ್ಟೆಂಬರ್ 6ರಂದು ಅಮೆರಿಕದ ನ್ಯಾಶ್‌ವಿಲ್‌ನಲ್ಲಿ, ಕರುಳಿನ ಶಸ್ತ್ರಚಿಕಿತ್ಸೆಯ ನಂತರದ ತೊಡಕಿನಿಂದ ತೀರಿಕೊಂಡಾಗ ವಯಸ್ಸು ಬರೀ 50. ಕೆಲವು ತಿಂಗಳ ಮೇಲೆ ರೇ ಡೇವಿಸ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಒಂದು ನೆನಪಿನ ಬರಹ ಬರೆದ. ತನ್ನ ಜಾಣ್ಮೆ ಮೆರೆಸಲು ಹೋಗದೆ, ಬೇಕಾದಲ್ಲಿ ಮಾತ್ರ ನುಡಿಸುತ್ತಿದ್ದ ಗುಣವನ್ನು ಅದರಲ್ಲಿ ಎತ್ತಿ ಹೇಳಿದ.

ಆಮೇಲೆ ನಿಧಾನವಾಗಿ ಲೆಕ್ಕ ಸರಿಪಡಿಸುವ ಕೆಲಸ ನಡೆದಿದೆ. 2004ರಲ್ಲಿ ‘ಟಿನ್ ಮ್ಯಾನ್’ ಸಿಡಿಯಾಗಿ ಮತ್ತೆ ಬಂತು. ಗಾಯಕ ಜೂಲಿಯನ್ ಡಾಸನ್ ವರ್ಷಗಟ್ಟಲೆ ಮಾಹಿತಿ ಕಲೆಹಾಕಿ ಬರೆದ ಜೀವನಚರಿತ್ರೆ 2011ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. 2018ರಲ್ಲಿ ಅಭಿಮಾನಿಗಳು ಚಂದಾ ಎತ್ತಿ ಹುಟ್ಟೂರಿನ ಪೆರಿವೇಲ್ ಉದ್ಯಾನದಲ್ಲಿ ಪಿಯಾನೊ ಆಕಾರದ ಬೆಂಚು ಇಟ್ಟರು. 2023ರಲ್ಲಿ ‘ದ ಸೆಷನ್ ಮ್ಯಾನ್’ ಎಂಬ ಸಾಕ್ಷ್ಯಚಿತ್ರ ಬಂತು. 2025ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸಂಗೀತ ಶ್ರೇಷ್ಠತೆಯ ವಿಭಾಗದಲ್ಲಿ ಹಾಪ್ಕಿನ್ಸ್ ಹೆಸರು ಸೇರಿಸಿಕೊಂಡಿತು. ಈ ಗೌರವಗಳ ಸುದ್ದಿಯಲ್ಲೆಲ್ಲ ಸ್ಟೋನ್ಸ್, ಬೀಟಲ್ಸ್, ದ ಹೂ ಹೆಸರುಗಳದೇ ಮೆರವಣಿಗೆ. ‘ಟಿನ್ ಮ್ಯಾನ್’ ಕೊನೆಯ ಸಾಲಿನಲ್ಲಿ ಬಂದರೆ ಬಂತು, ಇಲ್ಲವಾದರೆ ಇಲ್ಲ. ಇದು ಸರಿಯಲ್ಲ. ಆತನ ಕೈಚಳಕ ಸಾವಿರ ಕಡೆ ಸಿಗುತ್ತದೆ, ಆತನ ದನಿ ಸಿಗುವ ಜಾಗ ತೀರಾ ಕೆಲವು.

ಮೊದಲ ಸಲ ಕೇಳುವವರು ಆಲ್ಬಂನ ‘ಎಡ್ವರ್ಡ್’ನಿಂದ ಶುರುಮಾಡಬಹುದು. ಮೊದಲು 1969ರ ಕ್ವಿಕ್‌ಸಿಲ್ವರ್ ಆವೃತ್ತಿ ಹಾಕಿಕೊಳ್ಳಿ. ಅಲ್ಲಿ ಇಪ್ಪತ್ತೈದರ ಯುವಕ ತನಗೆ ಗೊತ್ತಿರುವುದನ್ನೆಲ್ಲ ಒಂದೇ ಉಸಿರಿಗೆ ಸುರಿಯುತ್ತಿದ್ದಾನೆ, ತಂಡ ಹಿಂದೆ ಓಡಿ ಬರುತ್ತಿದೆ. ಅದರ ಬೆನ್ನಿಗೇ 1973ರದನ್ನು ಕೇಳಿ. ವೇಗ ಕಡಿಮೆಯಾಗಿಲ್ಲ, ಆದರೆ ಈಗ ಪಿಯಾನೊ ಜಾಗ ಬಿಡುತ್ತದೆ. ಬಿಟ್ಟ ಜಾಗಕ್ಕೆ ಹ್ಯಾರಿಸನ್‌ನ ಸ್ಲೈಡ್ ಗಿಟಾರ್ ಬರುತ್ತದೆ, ಉತ್ತರ ಕೊಡುತ್ತದೆ, ಹಿಂದೆ ಸರಿಯುತ್ತದೆ. ತನ್ನ ಹೆಸರಿನ ರಚನೆಯಲ್ಲೂ ಹಾಪ್ಕಿನ್ಸ್ ಇನ್ನೊಬ್ಬನಿಗೆ ಸರದಿ ಕೊಡುವುದನ್ನು ಮರೆತಿಲ್ಲ. ಅದು ಮುಗಿದ ಮೇಲೆ ‘ಡಾಲಿ’ಗೆ ಹೋಗಿ, ಈ ಸಲ ಪಿಯಾನೊ ಬಿಟ್ಟು ದನಿಯ ಕಡೆ ಕಿವಿ ಕೊಡಿ.